ಧನುರ್ಮಾಸದ ಪ್ರತಿಷ್ಠೆ

ತ್ಯಾಗರಾಜ ಶಾಸ್ತ್ರಿಗಳಷ್ಟು ಹೆದರುವ ಮನುಷ್ಯನನ್ನು ನಾನು ಕಂಡಿಲ್ಲ. ಎಸ್ಕಲೇಟರ್ ಎಂದರೆ ಹೆದರಿಕೆ, ಫೋನ್ ಹೊಡೆದುಕೊಂಡರೆ ಹೆದರಿಕೆ. ಟಪಾಲಿನಲ್ಲಿ ಹದ್ದಿನ ಚಿತ್ರವಿರುವ ಸರ್ಕಾರಿ ಲಕೋಟೆ ಬಂದರೆ ಅದನ್ನು ಒಡೆಯದೆ, ಎರಡೇ ಬೆರಳಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ನಮ್ಮ ಮನೆಗೆ ತರುತ್ತಿದ್ದರು. "ಇಂದಮ್ಮ, ಸ್ವಲ್ಪ ನೋಡಿ. ವಾಪಸ್ ಹೋಗು ಅಂತ ಬರೆದಿದಾರೇನೋ" ಎನ್ನುತ್ತಿದ್ದರು. ಒಡೆದು ನೋಡಿದರೆ ಅಂಚೆಯವರು ಮನೆ ನಂಬರು ಸರಿಯಿದೆಯೇ ಎಂದು ಕೇಳಿರುತ್ತಿದ್ದರು.

ಅಮೆರಿಕದ ಜರ್ಮನ್‌ಟೌನಿನಲ್ಲಿ ನಮ್ಮದೂ ಅವರದೂ ಒಂದೇ ಅಪಾರ್ಟ್‌ಮೆಂಟು. ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ನನ್ನ ಗಂಡ ರಮೇಶನಿಗೆ ಹೆದ್ದಾರಿಯ ಪಕ್ಕದ ಒಂದು ಲ್ಯಾಬಿನಲ್ಲಿ ಕೆಲಸ. ನಾನು ಮೈಸೂರಿನಲ್ಲಿ ಹನ್ನೊಂದು ವರ್ಷ ಹುಡುಗಿಯರಿಗೆ ಯುರೋಪಿನ ಚರಿತ್ರೆ ಹೇಳಿಕೊಟ್ಟವಳು, ಇಲ್ಲಿಗೆ ಬಂದ ಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಪಾಠವನ್ನು ಇಲ್ಲಿಯವರಿಗೆ ಹೇಳುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಮಾತು ಬಂದರೆ ತಡೆದುಕೊಳ್ಳುವ ಅಭ್ಯಾಸವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ಬಾಯಿಯ ಪಾಲೂ ಇದೆ.

ಶಾಸ್ತ್ರಿಗಳಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರಂತೆ. ತಾಯಿ ಕೈಹಿಡಿದು ಕರೆದುಕೊಂಡು ಹೋಗಿ ಮಠದ ಪಾಠಶಾಲೆಯಲ್ಲಿ ಬಿಟ್ಟರು. ಆಮೇಲೆ ಅನ್ನ, ಬಟ್ಟೆ, ವೇದ, ಜ್ವರ ಬಂದಾಗ ಕಷಾಯ, ಎಲ್ಲ ಮಠದ್ದೇ. ಕಾಮಾಕ್ಷಿಯಂಥ ಹೆಂಡತಿಯನ್ನು ಹುಡುಕಿ ಮದುವೆ ಮಾಡಿಸಿದ್ದೂ ಮಠವೇ. ಅಲ್ಲಿ ಹದಿನಾರು ವರ್ಷ ಅವರು ಕಲಿತ ಪಾಠಗಳಲ್ಲಿ ಮೊದಲನೆಯದು 'ಕೇಳಿ ಮಾಡು'. ಹೊಳೆಗೆ ಸ್ನಾನಕ್ಕೆ ಹೋಗುವುದಕ್ಕೂ ಮೇಲಿನವರನ್ನು ಕೇಳಬೇಕು. ತೊಂಬತ್ತಮೂರರ ಮಾರ್ಚಿನಲ್ಲಿ ನಮ್ಮ ದೇವಸ್ಥಾನದವರು ಒಬ್ಬ ಅರ್ಚಕರು ಬೇಕೆಂದು ಬರೆದಾಗ ಸ್ವಾಮಿಗಳು ಇವರ ಕಡೆ ನೋಡಿ "ನೀನು ಹೋಗು" ಎಂದರು. ಇವರು ಬಂದರು. ಬರಬೇಕೆಂಬ ಆಸೆ ಇತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಇವರಿಗೂ ಹಾಗೆ ಯಾರಾದರೂ ಕೇಳಬಹುದು ಎಂದು ತೋಚಿರಲಿಲ್ಲ.

ಹೀಗೆ ಮಂತ್ರ ಮಠದ್ದು, ವೀಸಾ ದೇವಸ್ಥಾನದ್ದು. ವೀಸಾದ ಕಾಗದಕ್ಕೆ ಸಹಿ ಹಾಕುವವರು ದೇವಸ್ಥಾನದ ಅಧ್ಯಕ್ಷರು.

"ನಿಮ್ಮದು ಥೇಟ್ ಹಳೇ ಕಾಲದ ಬಿಷಪ್ಪರ ಪಾಡು ಶಾಸ್ತ್ರಿಗಳೇ" ಎಂದು ನಾನು ಒಂದು ದಿನ ತಮಾಷೆ ಮಾಡಿದೆ.

"ಹಾಗಂದ್ರೆ ಏನಮ್ಮ?"

ಕಾಫಿ ಕೊಟ್ಟು ಕೂರಿಸಿ ಹೇಳಿದೆ. ಒಂಬೈನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಒಬ್ಬ ಬಿಷಪ್ ಪೀಠಕ್ಕೆ ಬಂದರೆ ಅವನಿಗೆ ಒಂದು ಉಂಗುರ, ಒಂದು ದಂಡ ಕೊಡುತ್ತಿದ್ದರು. ಅದನ್ನು ಯಾರು ಕೊಡಬೇಕು ಎಂಬುದೇ ಜಗಳ. ರೋಮಿನ ಪೋಪ್ "ದೇವರ ಕೆಲಸ, ನಾನು ಕೊಡಬೇಕು" ಎಂದ. ರಾಜ "ನೆಲ ನನ್ನದು, ನಾನು ಕೊಡಬೇಕು" ಎಂದ. ಜಗಳ ಬೆಳೆದು ಪೋಪ್ ಏಳನೆಯ ಗ್ರೆಗೊರಿ ರಾಜ ನಾಲ್ಕನೆಯ ಹೆನ್ರಿಗೆ ಬಹಿಷ್ಕಾರ ಹಾಕಿದ. ಬಹಿಷ್ಕಾರ ಬಿದ್ದದ್ದೇ ತಡ, ಸಾಮಂತರೆಲ್ಲ ಜಾರಿಕೊಳ್ಳತೊಡಗಿದರು. ರಾಜ ಚಳಿಗಾಲದಲ್ಲಿ ಬೆಟ್ಟ ದಾಟಿ ಹೋಗಿ, ಕನೋಸಾ ಎಂಬ ಕೋಟೆಯ ಬಾಗಿಲಲ್ಲಿ ಬರಿಗಾಲಲ್ಲಿ ಮೂರು ದಿನ ಹಿಮದಲ್ಲಿ ನಿಂತ. ಆಮೇಲೆ ಪೋಪ್ ಕ್ಷಮಿಸಿದ.

ನನ್ನ ವಿದ್ಯಾರ್ಥಿಗಳೆಲ್ಲ ಈ ಕಥೆ ಕೇಳಿದ ಮೇಲೆ ರಾಜನ ಬಗ್ಗೆಯೋ ಪೋಪನ ಬಗ್ಗೆಯೋ ಪ್ರಶ್ನೆ ಹಾಕುತ್ತಾರೆ. ಶಾಸ್ತ್ರಿಗಳು ಲೋಟ ಕೆಳಗಿಟ್ಟು, "ಆ ಬಿಷಪ್ಪರು ಏನ್ ಮಾಡಿದ್ರು?" ಎಂದರು.

ಕೆಲವರು ಈ ಕಡೆ, ಕೆಲವರು ಆ ಕಡೆ, ಕೆಲವರು ಪೀಠ ಕಳೆದುಕೊಂಡರು ಎಂದೆ. "ಪಾಪ" ಎಂದು ಅವರು ಎದ್ದು ಹೋದರು.

ನಮ್ಮ ದೇವಸ್ಥಾನವೆಂದರೆ ಅಪಾರ್ಟ್‌ಮೆಂಟಿನಿಂದ ಅರ್ಧ ಮೈಲಿ ದೂರದಲ್ಲಿ ಯಾರೋ ಮಾರಿಹೋದ ಒಂದು ಒಂಟಿ ಅಂತಸ್ತಿನ ಮನೆ. ನಡುಕೋಣೆಯ ಗೋಡೆ ಒಡೆದು ಗರ್ಭಗುಡಿ ಮಾಡಿದ್ದರು. ಎರಡೂವರೆ ವರ್ಷ ಅಲ್ಲಿ ಫೋಟೋಗಳಿಗೇ ಪೂಜೆ ನಡೆಯಿತು. ತೊಂಬತ್ತೈದರ ಅಕ್ಟೋಬರಿನಲ್ಲಿ ಮೈಸೂರಿನಿಂದ ಮೂರಡಿಯ ಕಪ್ಪುಶಿಲೆಯ ಚಾಮುಂಡೇಶ್ವರಿ ಹಡಗಿನಲ್ಲಿ ಬಂದಳು. ಅಧ್ಯಕ್ಷರು ಗೋಪಿನಾಥ, ಬೆಂಗಳೂರಿನವರು, ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಎಂಜಿನಿಯರ್. ಒಳ್ಳೆಯವರೇ. ಆದರೆ ಅವರ ಮಾತಿಗೆ ಎದುರಾಡಿದರೆ ಕಿವಿ ಕೆಂಪಗಾಗುತ್ತಿತ್ತು. ಅವರು ಪ್ರಾಣಪ್ರತಿಷ್ಠೆಯನ್ನು ಡಿಸೆಂಬರ್ ಮೂವತ್ತು, ಶನಿವಾರಕ್ಕೆ ಇಟ್ಟರು.

ಇಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರಕ್ಕೆ ಜರುಗುತ್ತವೆ. ಮಂಗಳವಾರದ ಗಣಪತಿಯೂ ಶನಿವಾರದವರೆಗೆ ಕಾಯುತ್ತಾನೆ. ಅದು ಎಲ್ಲರಿಗೂ ಒಗ್ಗಿಹೋಗಿತ್ತು. ಆದರೆ ಡಿಸೆಂಬರ್ ಮೂವತ್ತು ಎಂದರೆ ಧನುರ್ಮಾಸದ ಮಧ್ಯ. ಸಂಕ್ರಾಂತಿಯವರೆಗೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಪ್ರತಿಷ್ಠೆಯಂತೂ ಇಲ್ಲವೇ ಇಲ್ಲ. ಬೆಳಗಿನ ಜಾವದ ಪೂಜೆ, ಹುಗ್ಗಿ ನೈವೇದ್ಯ, ಅಷ್ಟೇ. ಇದು ನಮ್ಮಜ್ಜಿಗೂ ಗೊತ್ತಿದ್ದ ವಿಷಯ. ಸಭೆಯಲ್ಲಿದ್ದ ಹನ್ನೊಂದು ಮಂದಿ ಕ್ರಿಸ್‌ಮಸ್ ರಜೆಯ ಕ್ಯಾಲೆಂಡರು ನೋಡಿದರು, ಒಬ್ಬರೂ ಪಂಚಾಂಗ ತೆಗೆಯಲಿಲ್ಲ. ಮೂಲೆಯಲ್ಲಿ ಕೂತಿದ್ದ ಶಾಸ್ತ್ರಿಗಳು ಬಾಯಿ ಬಿಡಲಿಲ್ಲ. ಕೇಳದೆ ಹೇಗೆ ಹೇಳುವುದು ಎಂದುಕೊಂಡರಂತೆ.

ಆಹ್ವಾನಪತ್ರಿಕೆ ಮಠಕ್ಕೂ ಹೋಯಿತು. ವಾರದೊಳಗೆ ದೇವಸ್ಥಾನದ ಫ್ಯಾಕ್ಸ್ ಯಂತ್ರ ಕರಕರ ಎಂದು ಉತ್ತರ ಉಗುಳಿತು. ಧನುರ್ಮಾಸದಲ್ಲಿ ಪ್ರತಿಷ್ಠೆ ಕೂಡದು. ನಮ್ಮ ಶಿಷ್ಯನಾದ ತ್ಯಾಗರಾಜನು ಅದಕ್ಕೆ ಕೈಹಾಕಿದಲ್ಲಿ ಮಠದ ಪಂಕ್ತಿಗೂ ತೀರ್ಥಕ್ಕೂ ಹೊರಗಾಗತಕ್ಕದ್ದು.

ಗೋಪಿನಾಥರ ಕಿವಿ ಕೆಂಪಗಾಯಿತು.

"ಲುಕ್ ಶಾಸ್ತ್ರಿಗಳೇ," ಎಂದರು. "ಅಟ್ಲಾಂಟಾದಿಂದ ಜನ ಟಿಕೆಟ್ ಬುಕ್ ಮಾಡಿದಾರೆ. ಶಾರ್ಲಟ್‌ನಿಂದ ಎರಡು ವ್ಯಾನ್ ಬರ್ತಿದೆ. ಈ ವೀಕ್ ಬಿಟ್ರೆ ಜೂನ್‌ವರೆಗೂ ಯಾರಿಗೂ ಟೈಮ್ ಇಲ್ಲ. ಮಠ ಅಲ್ಲಿದೆ, ದೇವಸ್ಥಾನ ಇಲ್ಲಿದೆ. ನಿಮ್ಮ ಎಕ್ಸ್‌ಟೆನ್ಷನ್ ಲೆಟರ್‌ಗೆ ಸೈನ್ ಮಾಡೋದು ಯಾರು? ನೀವೇ ಡಿಸೈಡ್ ಮಾಡಿ."

ಶಾಸ್ತ್ರಿಗಳ ವೀಸಾ ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಮುಗಿಯುವುದಿತ್ತು. ಕಾಮಾಕ್ಷಿಗೆ ಆಗ ಆರು ತಿಂಗಳು. ಹಿಂದೆ ಮೂರು ಸಲ ಕೈಗೆ ಬಂದದ್ದು ಬಾಯಿಗೆ ಬರದೆ ಹೋಗಿತ್ತು, ಒಂದು ಐದು ತಿಂಗಳಿಗೆ. ಈ ಸಲ ಡಾಕ್ಟರು ಅವಳನ್ನು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ವಿಮಾನ ಎಂಬ ಮಾತನ್ನೇ ಎತ್ತಬಾರದು. ಸಹಿ ಬೀಳದಿದ್ದರೆ ಹೆರಿಗೆಗೆ ಹದಿನೈದು ದಿನ ಮೊದಲು ಇವರು ದೇಶ ಬಿಡಬೇಕು. ಸಹಿ ಬಿದ್ದರೆ ಮಠದ ಬಾಗಿಲು ಮುಚ್ಚುತ್ತದೆ, ಹುಟ್ಟುವ ಮಗುವಿಗೆ ಹೆಸರಿಡಲೂ ಅವರ ಕಡೆಯ ಒಬ್ಬ ಪುರೋಹಿತ ಹೊಸ್ತಿಲು ತುಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ನಾನು ಸುಮ್ಮನಿರುವವಳಲ್ಲವಲ್ಲ. ಚರಿತ್ರೆಯಲ್ಲಿ ಆ ಜಗಳ ಐವತ್ತು ವರ್ಷದ ಮೇಲೆ ಒಂದು ರಾಜಿಯಲ್ಲಿ ಮುಗಿಯಿತು. ದೇವರ ಗುರುತನ್ನು ಪೋಪನ ಕಡೆಯವರು ಕೊಡುವುದು, ನೆಲದ ಗುರುತನ್ನು ರಾಜ ಕೊಡುವುದು. ನಾನೂ ಅಂಥದ್ದೇ ಒಂದು ರಾಜಿ ಹೊಸೆದೆ. ಡಿಸೆಂಬರಿನಲ್ಲಿ ಕಟ್ಟಡದ ಉದ್ಘಾಟನೆ, ಭಾಷಣ, ಊಟ ಇರಲಿ, ಪ್ರಾಣಪ್ರತಿಷ್ಠೆ ಸಂಕ್ರಾಂತಿ ಕಳೆದ ಮೇಲೆ. ಗೋಪಿನಾಥರು "ಊಟಕ್ಕೆ ಅಷ್ಟು ದೂರದಿಂದ ಯಾರ್ರೀ ಬರ್ತಾರೆ" ಎಂದರು. ಮಠದಿಂದ ಉದ್ಘಾಟನೆಯೂ ಕೂಡದೆಂದು ಫ್ಯಾಕ್ಸ್ ಬಂತು. ನನಗೆ ಇಬ್ಬರ ಮೇಲೂ ರೇಗಿತು.

ಡಿಸೆಂಬರ್ ಹದಿನಾರನೇ ತಾರೀಖಿನಿಂದ ಅಮೆರಿಕ ಸರ್ಕಾರಕ್ಕೇ ಬೀಗ ಬಿತ್ತು. ದೊಡ್ಡವರ ಬಜೆಟ್ ಜಗಳದಲ್ಲಿ ಗೋಪಿನಾಥರಂಥ ಸಾವಿರಾರು ನೌಕರರನ್ನು ಮನೆಗೆ ಕಳಿಸಿದರು. ಅವರಿಗೆ ಅಧಿಕಾರ ಚಲಾಯಿಸಲು ದೇವಸ್ಥಾನವೊಂದೇ ಉಳಿಯಿತು. ದಿನಕ್ಕೆ ಎರಡು ಸಲ ಬಂದು ಶಾಮಿಯಾನ, ಕುರ್ಚಿ, ಪಾರ್ಕಿಂಗ್ ಎಂದು ಓಡಾಡಿದರು. ಶಾಸ್ತ್ರಿಗಳು ಸೊರಗಿದರು. ಕಾಮಾಕ್ಷಿಗೆ ಏನೂ ಹೇಳಿರಲಿಲ್ಲ, ಹೇಳಿದರೆ ಮಗುವಿಗೆ ಏನಾದರೂ ಆದೀತೆಂಬ ಭಯ.

ಕ್ರಿಸ್‌ಮಸ್‌ನ ಮಾರನೇ ದಿನ ಮಧ್ಯಾಹ್ನ ಮೇಲೆ ಬಂದರು. ಕೂರಲಿಲ್ಲ. "ಏನ್ ಮಾಡ್ಲಿ ಇಂದಮ್ಮ? ನೀವು ಓದಿದೋರು. ಹೇಳಿ" ಎಂದರು.

ನನಗೆ ನೂರಿಪ್ಪತ್ತು ಉತ್ತರಪತ್ರಿಕೆ ತಿದ್ದುವುದಿತ್ತು. ತಲೆ ಎತ್ತದೆ ನಕ್ಕು ಹೇಳಿದೆ: "ಅಯ್ಯೋ ಶಾಸ್ತ್ರಿಗಳೇ, ತೆರೆ ಎಳೆದ ಮೇಲೆ ಒಳಗೆ ಏನ್ ನಡೀತು ಅಂತ ಯಾರಿಗೆ ಗೊತ್ತಾಗತ್ತೆ? ಮಠಕ್ಕೆ ಮಾಡಿಲ್ಲ ಅನ್ನಿ, ಗೋಪಿನಾಥ್‌ಗೆ ಮಾಡ್ದೆ ಅನ್ನಿ. ಹಾವೂ ಸಾಯಬೇಕು, ಕೋಲೂ ಮುರೀಬಾರದು."

ಅವರು ನಗಲಿಲ್ಲ. ನಾನು ಪತ್ರಿಕೆ ತಿದ್ದುತ್ತಾ ಹೋದೆ.

ಶನಿವಾರ ಮುನ್ನೂರು ಜನ ಸೇರಿದರು. ಸೆಂಟರ್‌ವಿಲ್‌ನಿಂದ ಮೂರು ಬಸ್ಸು. ಹೋಮಕ್ಕೆ ಬೇರೆ ಊರಿನ ಇಬ್ಬರು ಅರ್ಚಕರು ಬಂದಿದ್ದರು, ಆದರೆ ಪ್ರತಿಷ್ಠೆಗೆ ಗರ್ಭಗುಡಿಯೊಳಗೆ ಹೋಗುವವರು ಶಾಸ್ತ್ರಿಗಳೊಬ್ಬರೇ. ಹನ್ನೊಂದು ಗಂಟೆಗೆ ಅವರು ಒಳಗೆ ಹೋಗಿ ಕೆಂಪು ತೆರೆ ಎಳೆದರು. ಹೊರಗೆ ವಾದ್ಯದ ಕ್ಯಾಸೆಟ್ ಹಾಕಿದರು. ಇಪ್ಪತ್ತು ನಿಮಿಷ ಏನೂ ಕೇಳಿಸಲಿಲ್ಲ, ಗಂಟೆಯ ಸದ್ದು ಮಾತ್ರ. ತೆರೆ ಸರಿದಾಗ ದೇವಿ ಹಸಿರು ಸೀರೆಯಲ್ಲಿ ಥಳಥಳ ಹೊಳೆಯುತ್ತಿದ್ದಳು, ಪಕ್ಕದಲ್ಲಿ ಶಾಸ್ತ್ರಿಗಳು ಜ್ವರ ಬಂದವರ ಹಾಗೆ ನಿಂತಿದ್ದರು. ಗೋಪಿನಾಥರು ಕಣ್ಣೊರೆಸಿಕೊಂಡರು. ಎಷ್ಟೇ ಬೇಡವೆಂದರೂ ಕಾಮಾಕ್ಷಿ ಬಂದಿದ್ದಳು. ನಾನೂ ರಮೇಶನೂ ಕುರ್ಚಿಯಲ್ಲಿ ಕೂರಿಸಿಯೇ ಅವಳನ್ನು ಒಳಗೆ ಕರೆದೊಯ್ದೆವು. ಅವಳು ಬಗ್ಗಿ ದೇವಿಯ ಪಾದ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅದನ್ನು ನೋಡುತ್ತಿದ್ದ ಶಾಸ್ತ್ರಿಗಳ ಕೈಯಲ್ಲಿ ಆರತಿ ತಟ್ಟೆ ಅಲುಗಾಡಿತು. ಹೊಗೆಯಿಂದ ಸುಸ್ತಾಗಿದೆ ಎಂದುಕೊಂಡೆ.

ಮಂಗಳವಾರ ಅವರು ಬಂದು ನೆಲದ ಮೇಲೆ ಕೂತರು.

"ನೀವು ಹೇಳಿದ ಹಾಗೆ ಮಾಡ್ದೆ ಇಂದಮ್ಮ."

"ನಾನು ಏನು ಹೇಳ್ದೆ?"

"ತೆರೆ ಹಿಂದೆ. ಸ್ನಾನ ಮಾಡಿಸ್ದೆ, ಸೀರೆ ಉಡಿಸ್ದೆ, ಹೂವ ಹಾಕ್ದೆ. ಹೃದಯದ ಮೇಲೆ ಕೈಯಿಟ್ಟು ಪ್ರಾಣ ಕರೀಬೇಕಲ್ಲ, ಆ ಮಂತ್ರ ಹೇಳ್ಲಿಲ್ಲ. ಮಠಕ್ಕೆ ಮಾಡಿಲ್ಲ ಅಂತ ಬರ್ದೆ. ಅದು ಸುಳ್ಳಲ್ಲ. ಗೋಪಿನಾಥರಿಗೆ ಮಾಡ್ದೆ ಅಂದೆ. ಅಲ್ಲಿರೋದು ಬರೀ ಕಲ್ಲು. ಎಲ್ಲರೂ ಕಲ್ಲಿಗೆ ಕೈ ಮುಗೀತಿದಾರೆ. ನಾನು ದಿನಾ ಮಂಗಳಾರತಿ ಎತ್ತುತ್ತಾ ಇದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಂಗ್ಲೆಂಡಿನ ಒಬ್ಬ ರಾಜ ಮಹಾಗುರುವಿನ ಮೇಲೆ ಸಿಟ್ಟಾಗಿ ಏನೋ ಕೂಗಾಡಿದ್ದನ್ನು ಅವನ ನಾಲ್ವರು ಸರದಾರರು ಅಪ್ಪಣೆ ಎಂದುಕೊಂಡು, ಹೋಗಿ ಆ ಗುರುವನ್ನು ಚರ್ಚಿನೊಳಗೇ ಕಡಿದುಹಾಕಿದರು. ಪ್ರತಿ ವರ್ಷ ನವೆಂಬರಿನಲ್ಲಿ ಆ ಪಾಠ ಮಾಡುತ್ತೇನೆ. ಅಧಿಕಾರದಲ್ಲಿರುವವರು ಮಾತಿನ ಮೇಲೆ ನಿಗಾ ಇಡಬೇಕು ಎಂದು ಎಳೆಯರಿಗೆ ಬುದ್ಧಿ ಹೇಳುತ್ತೇನೆ. ಹೆದರಿದವನ ಮುಂದೆ ನಾನೂ ಅಧಿಕಾರದಲ್ಲಿರುವವಳೇ ಎಂದು ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಬೈಯುತ್ತೇನೆ, ಹಾಗೇ ಅವರನ್ನೇ ಬೈದೆ.

"ಹದಿನಾಲ್ಕಕ್ಕೆ ಸಂಕ್ರಾಂತಿ" ಎಂದರು ಅವರು. "ಮಾರನೇ ದಿನ ಬೆಳಿಗ್ಗೆ ಒಬ್ಬನೇ ಹೋಗಿ ಮಾಡಿಬಿಡ್ತೀನಿ. ಅಲ್ಲೀವರೆಗೆ ಏನೂ ಆಗದಿದ್ರೆ ಸಾಕು."

ಏಳನೇ ತಾರೀಖು ಭಾನುವಾರ. ಶನಿವಾರ ರಾತ್ರಿ ಶುರುವಾದ ಹಿಮ ಬೆಳಗಾದರೂ ನಿಂತಿರಲಿಲ್ಲ. ನಿಲ್ಲಿಸಿದ್ದ ಕಾರುಗಳು ಕಿಟಕಿಯವರೆಗೆ ಹೂತುಹೋಗಿದ್ದವು. ರಮೇಶ ಕೆಳಗಿಳಿದು ಬಾಗಿಲ ಮುಂದಿನ ಹಿಮ ಎತ್ತಿಹಾಕುತ್ತಿದ್ದ. ಒಂಬತ್ತೂವರೆಗೆ ಅವನ ಕೂಗು ಕೇಳಿ ಓಡಿದೆ. ಕೆಳಗಿನ ಮನೆಯಲ್ಲಿ ಕಾಮಾಕ್ಷಿ ಬಚ್ಚಲ ಬಾಗಿಲಿಗೆ ಒರಗಿ ಕೂತಿದ್ದಳು. ಸೀರೆಯ ನೆರಿಗೆ ಪೂರಾ ರಕ್ತ.

ನೈನ್ ಒನ್ ಒನ್‌ಗೆ ಫೋನ್ ಮಾಡಿದೆವು. ನಲವತ್ತು ನಿಮಿಷವಾದ ಮೇಲೆ ಹಿಮ ತಳ್ಳುವ ಲಾರಿಯ ಹಿಂದೆ ದೊಡ್ಡ ಚಕ್ರದ ಒಂದು ಗಾಡಿ ಬಂತು. ಆ ನಲವತ್ತು ನಿಮಿಷ ನನ್ನ ಜೀವನದಲ್ಲಿ ಇನ್ನೊಮ್ಮೆ ಬರಬಾರದು. ನಾನು ಟವೆಲ್ ಮೇಲೆ ಟವೆಲ್ ಒತ್ತುತ್ತಿದ್ದೆ, ಶಾಸ್ತ್ರಿಗಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಬಾಯಿ ಬಿಡುತ್ತಿದ್ದರು, ಒಂದು ಶ್ಲೋಕವೂ ಹೊರಡಲಿಲ್ಲ. ಗಾಡಿಯವರು "ಒಬ್ಬರು ಮಾತ್ರ ಬನ್ನಿ, ಇಂಗ್ಲಿಷ್ ಬರಬೇಕು" ಎಂದರು. ಕೋಟು ಬೂಟಿನಲ್ಲಿ ಸಿದ್ಧನಾಗಿದ್ದ ರಮೇಶ ಹತ್ತಿದ. ಶಾಸ್ತ್ರಿಗಳು ಗಾಡಿಯ ಕಂಬಿ ಹಿಡಿದುಕೊಂಡರು.

ಸ್ಟ್ರೆಚರಿನ ಮೇಲಿಂದ ಕಾಮಾಕ್ಷಿ ಹೇಳಿದಳು: "ನೀವು ಬರಬೇಡಿ. ದೇವಸ್ಥಾನಕ್ಕೆ ಹೋಗಿ. ಅವತ್ತು ಪಾದ ಹಿಡಿದು ಕೇಳ್ಕೊಂಡಿದೀನಿ, ಇದೊಂದನ್ನ ಉಳಿಸಿಕೊಡು ಅಂತ. ಹೋಗಿ ಜ್ಞಾಪಿಸಿ. ನೀವು ಅಲ್ಲಿದ್ರೆ ನಂಗೆ ಧೈರ್ಯ."

ಬಾಗಿಲು ಮುಚ್ಚಿತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಶಾಸ್ತ್ರಿಗಳು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. ಅಂಥ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆ ನೋಡುವುದೂ ಬೇಡ.

"ಅವಳು ಕಲ್ಲನ್ನ ಕೇಳ್ಕೊಂಡಿದಾಳೆ ಇಂದಮ್ಮ."

ನಾವು ನಡೆದೆವು. ರಸ್ತೆ ಯಾವುದು, ಹುಲ್ಲು ಯಾವುದು ತಿಳಿಯುತ್ತಿರಲಿಲ್ಲ. ತೊಡೆಯವರೆಗೆ ಹಿಮ. ಪಂಚೆಯ ಮೇಲೆ ಯಾರೋ ಕೊಟ್ಟ ಹಳೇ ಕೋಟು ಹಾಕಿಕೊಂಡು ಶಾಸ್ತ್ರಿಗಳು ಮುಂದೆ ಕಾಲು ತುಳಿದು ಗುಳಿ ಮಾಡಿದರೆ, ನಾನು ಹಿಂದಿನಿಂದ ಆ ಗುಳಿಯಲ್ಲಿ ಕಾಲಿಡುತ್ತಿದ್ದೆ. ಅಂಥ ಹೊತ್ತಿನಲ್ಲೂ ನನಗೆ ಕನೋಸಾ ನೆನಪಾಯಿತು, ನೆನಪಾದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅರ್ಧ ಮೈಲಿಗೆ ಒಂದು ಗಂಟೆ ಹಿಡಿಯಿತು.

ಬಾಗಿಲ ಬೀಗ ತೆಗೆಯುವಾಗ ನಾನು ಹೇಳಿದೆ: "ಮಠಕ್ಕೆ ಫೋನ್ ಮಾಡಿ ಶಾಸ್ತ್ರಿಗಳೇ. ಅಲ್ಲಿ ಈಗ ರಾತ್ರಿ ಹತ್ತು, ಎದ್ದಿರ್ತಾರೆ. ಹೀಗಾಗಿದೆ ಅಂತ ಹೇಳಿ ಕೇಳಿ."

ಅವರು ಬೀಗದ ಕೈ ಹಿಡಿದೇ ನಿಂತರು. ಹುಬ್ಬಿನ ಮೇಲೆ ಹಿಮ ಕೂತಿತ್ತು.

"ಕೇಳಿದ್ರೆ ಬೇಡ ಅಂತಾರೆ" ಎಂದರು.

ಒಳಗೆ ಹೋದರು. ಆ ಚಳಿಯಲ್ಲಿ ನಲ್ಲಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡರು. ದೀಪ ಹಚ್ಚುವಾಗ ನಾಲ್ಕು ಕಡ್ಡಿ ಮುರಿದವು. ನಾನು ಹೊಸ್ತಿಲ ಈಚೆ ಕೂತಿದ್ದೆ. ತೆರೆ ಎಳೆಯುತ್ತಾರೆ ಎಂದುಕೊಂಡೆ, ಎಳೆಯಲಿಲ್ಲ. ಮೈಯಿಂದ ನೀರು ತೊಟ್ಟಿಕ್ಕುತ್ತಾ ದೇವಿಯ ಎದೆಯ ಮೇಲೆ ಬಲಗೈ ಇಟ್ಟು ಶುರುಮಾಡಿದರು. ಎರಡು ಸಲ ಮಾತು ಕಟ್ಟಿತು, ಎರಡು ಸಲವೂ ಮೊದಲಿನಿಂದ ಹಿಡಿದರು. ನಡುವೆ ಅಳು ಬಂತು. ಅಳುತ್ತಲೇ ಹೇಳಿದರು. ನಾನು ಅಷ್ಟೇನೂ ನಂಬುವವಳಲ್ಲ. ದೇವಿಯ ಮುಖ ಬದಲಾಯಿತು ಎಂದು ನನ್ನಿಂದ ಬರೆಸಬೇಡಿ, ಹಾಗೆ ನನಗೆ ಕಾಣಲಿಲ್ಲ. ಮುಗಿದ ಮೇಲೆ ಅವರು ಅಡ್ಡಬಿದ್ದು, ಹಣೆ ನೆಲಕ್ಕಿಟ್ಟು, ತಾಯಿಗೆ ದೂರು ಹೇಳುವ ಮಗನ ಹಾಗೆ ಕನ್ನಡದಲ್ಲೇ ಏನೇನೋ ಹೇಳಿಕೊಂಡರು. ಅದನ್ನು ಕೇಳಬಾರದೆಂದು ನಾನು ಎದ್ದು ಹೊರಗೆ ಹೋದೆ.

ಎರಡು ಗಂಟೆಗೆ ದೇವಸ್ಥಾನದ ಫೋನ್ ಹೊಡೆದುಕೊಂಡಿತು. ಅವರು ಎತ್ತಲಿಲ್ಲ, ನಾನೇ ಎತ್ತಿದೆ. ರಮೇಶ ಅಳುತ್ತಿದ್ದ. ಹೆಣ್ಣುಮಗು. ಮೂರು ಪೌಂಡಿಗೂ ಕಮ್ಮಿ. ಉಸಿರಿಗೆ ಯಂತ್ರ ಹಾಕಿದ್ದಾರೆ, ಏನೂ ಹೇಳೋಕಾಗಲ್ಲ ಅಂತಿದಾರೆ. ಕಾಮಾಕ್ಷಿಗೆ ರಕ್ತ ಕೊಟ್ಟಿದ್ದಾರೆ, ಎಚ್ಚರವಿದೆ.

ಮಂಗಳವಾರ ದಾರಿ ತೆರೆದ ಮೇಲೆ ಶಾಸ್ತ್ರಿಗಳು ಆಸ್ಪತ್ರೆ ಸೇರಿದರು. ಬುಧವಾರ ನನ್ನ ಕೈಗೆ ಒಂದು ಹಾಳೆ ಕೊಟ್ಟು, ಮಠಕ್ಕೆ ಫ್ಯಾಕ್ಸ್ ಮಾಡಿ ಎಂದರು. ಶನಿವಾರ ಮಾಡದೇ ಇದ್ದದ್ದು, ಭಾನುವಾರ ಮಾಡಿದ್ದು, ಎರಡನ್ನೂ ಬರೆದಿದ್ದರು. "ಇದನ್ನ ಯಾಕೆ ಬರೀತೀರಿ, ಯಾರಿಗೂ ಗೊತ್ತಿಲ್ಲವಲ್ಲ" ಎಂದೆ. "ಅವಳಿಗೆ ಗೊತ್ತು" ಎಂದರು. ಹೆಂಡತಿಯೋ ದೇವಿಯೋ ಎಂದು ನಾನು ಕೇಳಲಿಲ್ಲ. ನನ್ನ ಸಲಹೆ ಒಂದು ಸಲಕ್ಕೇ ಸಾಕಾಗಿತ್ತು.

ಮಠದ ಉತ್ತರ ಬಂದದ್ದು ದೇವಸ್ಥಾನದ ಯಂತ್ರಕ್ಕೆ, ಮೊದಲು ಓದಿದವರು ಗೋಪಿನಾಥ. ಶುಕ್ರವಾರ ಸಂಜೆ ಅದನ್ನು ಹಿಡಿದುಕೊಂಡು ಅವರು ಆಸ್ಪತ್ರೆಗೇ ಬಂದರು. ಹಸುಗೂಸುಗಳ ಕೋಣೆಯ ಹೊರಗೆ, ಗಾಜಿನ ಪಕ್ಕದ ಬೆಂಚಿನಲ್ಲಿ ನಾನೂ ಶಾಸ್ತ್ರಿಗಳೂ ಕೂತಿದ್ದೆವು. ಗಾಜಿನ ಆಚೆ ಆ ಮಗು ತಂತಿಗಳ ನಡುವೆ ಅಂಗೈಯಗಲದ ಎದೆಯನ್ನು ಏರಿಸಿ ಇಳಿಸುತ್ತಿತ್ತು.

"ಅವತ್ತು ಮಾಡಿದ್ದು ನಾಟಕಾನಾ?" ಎಂದರು ಗೋಪಿನಾಥ. ಕಿವಿ ಕೆಂಪಗಿರಲಿಲ್ಲ, ಬಿಳುಚಿಕೊಂಡಿತ್ತು. "ನಮ್ಮಮ್ಮ ಬಂದಿದ್ರು ಶಾಸ್ತ್ರಿಗಳೇ, ಅಷ್ಟು ದೂರದಿಂದ. ಎಂಬತ್ತೊಂದು ವರ್ಷ ಅವರಿಗೆ. ಅವರ ಹತ್ರ ಕಲ್ಲಿಗೆ ಕುಂಕುಮ ಇಡಿಸಿದ್ರಾ?"

ಶಾಸ್ತ್ರಿಗಳು ಎದ್ದು ನಿಂತು, "ಹೌದು. ತಪ್ಪಾಯ್ತು" ಎಂದರು.

ಗೋಪಿನಾಥರು ಗಾಜಿನ ಕಡೆ ನೋಡಿದರು. ಆಮೇಲೆ ಫ್ಯಾಕ್ಸ್ ಬಿಚ್ಚಿ ಓದಿದರು. ಎರಡು ವರ್ಷ ಮಠದಿಂದ ಹೊರಗೆ. ಆದರೆ ಭಾನುವಾರ ಧನುರ್ಮಾಸದಲ್ಲಿ ಅಪ್ಪಣೆಯಿಲ್ಲದೆ ಮಾಡಿದ ಪ್ರತಿಷ್ಠೆ ಮಹಾಪರಾಧವೆಂದೂ, ಅದು ಅಸಿಂಧುವೆಂದೂ ಬರೆದುಕೊಟ್ಟರೆ ಕ್ಷಮೆ. ಸಂಕ್ರಾಂತಿಯ ಮೇಲೆ ಬೇರೆಯವರನ್ನು ಕಳಿಸಿ ಹೊಸದಾಗಿ ಪ್ರತಿಷ್ಠೆ ಮಾಡಿಸಲಾಗುವುದು.

"ಬರೆದುಕೊಟ್ಬಿಡಿ" ಎಂದರು ಗೋಪಿನಾಥ. "ಇಲ್ಲಾಂದ್ರೆ ಅರ್ಧ ಜನ ದೇವಸ್ಥಾನಕ್ಕೆ ಬರಲ್ಲ. ಆಗಲೇ ಫೋನ್ ಬರ್ತಿದೆ. ನೀವು ಬರೀರಿ, ನಾನು ಈಗಲೇ ನಿಮ್ಮ ಲೆಟರ್‌ಗೆ ಸೈನ್ ಮಾಡ್ತೀನಿ. ತಂದಿದೀನಿ ನೋಡಿ." ಕೋಟಿನ ಜೇಬಿನಿಂದ ಆ ಪತ್ರ ತೆಗೆದು ಬೆಂಚಿನ ಮೇಲಿಟ್ಟರು. ಪಕ್ಕದಲ್ಲಿ ಒಂದು ಖಾಲಿ ಹಾಳೆ, ಒಂದು ಪೆನ್ನು.

ಎರಡು ತಿಂಗಳು ಕಿತ್ತಾಡಿದ ಪೋಪನೂ ರಾಜನೂ ಕೊನೆಗೆ ಒಂದಾಗಿದ್ದರು. ಒಂದಾದದ್ದು ಈ ಮನುಷ್ಯನ ಒಂದು ಸಹಿಯ ಮೇಲೆ. ಬರೆದರೆ ಎರಡು ಬಾಗಿಲೂ ತೆರೆಯುತ್ತವೆ. ನಾನಾಗಿದ್ದರೆ ಬರೆದುಬಿಡುತ್ತಿದ್ದೆ, ಸತ್ಯ ಹೇಳುತ್ತೇನೆ. ಅವರು ನನ್ನ ಕಡೆ ತಿರುಗಿ "ಏನ್ ಮಾಡ್ಲಿ" ಎಂದು ಕೇಳುತ್ತಾರೆಂದು ಕಾದೆ, ಕೇಳಿದರೆ ಬರೆಯಿರಿ ಎನ್ನುವವಳಿದ್ದೆ.

ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೋಪಿನಾಥರು ಅವತ್ತು ಸಹಿ ಹಾಕದೆ ಹೋದರು. ಫೆಬ್ರವರಿ ಇಪ್ಪತ್ತಾರಕ್ಕೆ, ಯಾರಿಗೂ ಹೇಳದೆ, ಸಹಿ ಹಾಕಿದ ಪತ್ರವನ್ನು ನಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದರು. ಮಗು ಅರವತ್ತೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ಅಮೂಲ್ಯಾ ಎಂದು ಹೆಸರಿಟ್ಟಾಗ ಮಠದ ಕಡೆಯಿಂದ ಯಾರೂ ಬರಲಿಲ್ಲ. ಸೋದರತ್ತೆಯ ಜಾಗದಲ್ಲಿ ನಾನೇ ಕೂತೆ. ಎರಡು ವರ್ಷ ಶಾಸ್ತ್ರಿಗಳು ಮಠದ ಫೋಟೋದ ಮುಂದೆ ನಿಂತು ದೂರದಿಂದಲೇ ನಮಸ್ಕರಿಸುತ್ತಿದ್ದರು. ತೊಂಬತ್ತೆಂಟರಲ್ಲಿ ಶಾರ್ಲಟ್‌ನವರು ಕರೆದರು, ಹೋದರು. ಈಗಲೂ ಫೋನ್ ಹೊಡೆದುಕೊಂಡರೆ ಬೆಚ್ಚುತ್ತಾರಂತೆ.

ಅವತ್ತು ಆ ಬೆಂಚಿನ ಮೇಲೆ ಅವರು ಪೆನ್ನು ತೆಗೆದುಕೊಂಡರು. ಕೈ ಎಷ್ಟು ನಡುಗುತ್ತಿತ್ತೆಂದರೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳಬೇಕಾಯಿತು. ನನ್ನ ಕಡೆ ನೋಡಲಿಲ್ಲ. ಯಾರನ್ನೂ ಕೇಳಲಿಲ್ಲ. ಮೂರು ಸಾಲು ಬರೆದು, ಸಹಿ ಮಾಡಿ, ಎರಡು ಕೈಯಲ್ಲೂ ಹಿಡಿದು ಗೋಪಿನಾಥರಿಗೆ ಕೊಟ್ಟರು. ಅವರು ಓದಿ ನನ್ನ ಕೈಗಿತ್ತರು.

"ಶ್ರೀಗಳ ಪಾದಕ್ಕೆ ತ್ಯಾಗರಾಜನ ಸಾಷ್ಟಾಂಗ ನಮಸ್ಕಾರಗಳು. ಶನಿವಾರ ಮಾಡಿದ್ದು ಮಹಾಪರಾಧ, ತಾವು ಕೊಟ್ಟ ಶಿಕ್ಷೆ ಅದಕ್ಕೆ ಸಾಲದು. ಭಾನುವಾರ ಮಾಡಿದ್ದು ತಪ್ಪೆಂದು ಬರೆಯಲು ನನ್ನಿಂದ ಆಗುವುದಿಲ್ಲ."